ಬಿಸಿಲು ಎಲ್ಲರದು, ತಾರಸಿ ಯಾರದು?

ಸೋಲಾರ್ ಜಾಹೀರಾತಿನ ಮನೆಗೆ ಸುತ್ತಲೂ ಅಂಗಳವಿರುತ್ತದೆ, ಅಕ್ಕಪಕ್ಕ ಇನ್ನೊಂದು ಮನೆ ಇರುವುದೇ ಇಲ್ಲ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಅಂಥ ಮನೆ ಹುಡುಕಿ ನೋಡಿ! ಇಲ್ಲಿ ಗೋಡೆಗೆ ಗೋಡೆ ಅಂಟಿದೆ. ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ, ತಾರಸಿಯಲ್ಲಿ ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ.

2024ರ ಫೆಬ್ರುವರಿಯಲ್ಲಿ ಶುರುವಾದ ‘ಪಿಎಂ ಸೂರ್ಯಘರ್’ ಯೋಜನೆಯಲ್ಲಿ 2 ಕಿಲೋವಾಟ್‌ವರೆಗೆ ಕಿಲೋವಾಟಿಗೆ 30,000 ರೂಪಾಯಿ, 3 ಕಿಲೋವಾಟ್ ಮತ್ತು ಮೇಲ್ಪಟ್ಟು ಒಟ್ಟು 78,000 ರೂಪಾಯಿ ಸಹಾಯಧನವಿದೆ. ಆದರೆ ಅದು ಮನೆಗಳಿಗೆ ಮಾತ್ರ. ಅದೇ ಮನೆಗಳಿಗೆ 2023ರಿಂದ 200 ಯೂನಿಟ್‌ವರೆಗೆ ಗೃಹಜ್ಯೋತಿಯೂ ಇದೆ. ಸೊನ್ನೆ ಬಿಲ್ ಬರುವವರು ಸಾಲ ಮಾಡಿ ಪ್ಯಾನೆಲ್ ಏಕೆ ಕೂರಿಸುತ್ತಾರೆ? ಬಾಡಿಗೆದಾರರಿಗಂತೂ ತಾರಸಿಯೇ ತಮ್ಮದಲ್ಲ.

ಕೆಳಗಿನ ಜೆರಾಕ್ಸ್ ಅಂಗಡಿ, ಟೈಲರ್, ಹಿಟ್ಟಿನ ಗಿರಣಿಯವರನ್ನು ನೋಡಿ. ಕರೆಂಟು ಉರಿಸುವುದು ಹಗಲಲ್ಲೇ, ಸೂರ್ಯ ಕೊಡುವ ಹೊತ್ತಿನಲ್ಲೇ. ಅವರಿಗೆ ಗೃಹಜ್ಯೋತಿಯೂ ಇಲ್ಲ, ಈ ಸಹಾಯಧನವೂ ಇಲ್ಲ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ.

ಕೆಲಸ ಮಾಡುವ ಬಗೆ ಸರಳ. ಬೆಳಕು ಸಿಲಿಕಾನ್ ಕೋಶದ ಮೇಲೆ ಬಿದ್ದಾಗ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ ಹರಿಯುತ್ತವೆ. ಒಂದು ಕೋಶದಿಂದ ಸಿಗುವುದು ಸುಮಾರು ಅರ್ಧ ವೋಲ್ಟ್. ಆದ್ದರಿಂದ ಹತ್ತಾರು ಕೋಶಗಳನ್ನು ಸರಣಿಯಲ್ಲಿ ಜೋಡಿಸುತ್ತಾರೆ. ಬರುವ ಡಿಸಿ ಕರೆಂಟನ್ನು ಇನ್ವರ್ಟರ್ ಎಸಿ ಮಾಡುತ್ತದೆ, ಮಿಕ್ಕಿದ್ದು ಗ್ರಿಡ್ಡಿಗೆ ಹೋಗುತ್ತದೆ, ನೆಟ್ ಮೀಟರ್ ಎರಡನ್ನೂ ಎಣಿಸುತ್ತದೆ. ಒಂದು ಕಿಲೋವಾಟಿಗೆ ಸುಮಾರು 100 ಚದರಡಿ ಬೇಕು, ಒಳ್ಳೆಯ ಬಿಸಿಲಿಗೆ ದಿನಕ್ಕೆ 4 ಯೂನಿಟ್ ಬರುತ್ತದೆ. (ಬ್ಯಾಟರಿ ಇಲ್ಲದಿದ್ದರೆ ಕರೆಂಟು ಹೋದಾಗ ಇದೂ ನಿಲ್ಲುತ್ತದೆ, ತಂತಿ ಮುಟ್ಟುವ ಲೈನ್‌ಮ್ಯಾನ್ ಜೀವ ಉಳಿಯಲೆಂದು. ಮಾರುವವರು ಇದನ್ನು ಹೇಳುವುದು ಕಡಿಮೆ.)

ತೊಡಕು ನೆರಳಿನದು. ಸರಣಿಯಲ್ಲಿ ಒಂದು ಕೋಶಕ್ಕೆ ನೆರಳು ಬಿದ್ದರೆ ನೀರಿನ ಪೈಪನ್ನು ಒಂದು ಕಡೆ ತುಳಿದಂತೆ ಉಳಿದವುಗಳ ಹರಿವೂ ಕುಗ್ಗುತ್ತದೆ. ಬೈಪಾಸ್ ಡಯೋಡ್ ನಷ್ಟ ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಪಕ್ಕದವರು ಇನ್ನೊಂದು ಮಹಡಿ ಎಬ್ಬಿಸಿದರೆ ಮುಗಿಯಿತು.

ಹಾಗಾಗಿ ಬಡಾವಣೆಯ ಶಾಲೆ, ಕಲ್ಯಾಣ ಮಂಟಪದಂಥ ದೊಡ್ಡ ತಾರಸಿಯಲ್ಲಿ ಪ್ಯಾನೆಲ್ ಹಾಕಿ, ಅದರ ಯೂನಿಟ್‌ಗಳನ್ನು ಸುತ್ತಲಿನ ಬಾಡಿಗೆದಾರರು, ಅಂಗಡಿಯವರ ಬಿಲ್ಲಿಗೆ ಹಂಚಬೇಕು. ವರ್ಚುವಲ್ ನೆಟ್ ಮೀಟರಿಂಗ್ ಎಂದರೆ ಇದೇ; ದೆಹಲಿ 2019ರಲ್ಲೇ ಇದಕ್ಕೆ ನಿಯಮ ಮಾಡಿತು. ಸೆಸ್ಕ್ ಇದನ್ನು ಮಂಡಿ ಮೊಹಲ್ಲಾದಂಥ ಕಡೆಯೇ ಮೊದಲು ಮಾಡಿ ತೋರಿಸಬೇಕು.

ಕೆಲಸ ಹುಡುಕುವ ನಮಗೂ ಇದರಲ್ಲಿ ಪಾಲಿದೆ. ಸುಮಾರು 13,000 ಎಕರೆಯ, 2,050 ಮೆಗಾವಾಟ್‌ನ ಪಾವಗಡ ಸೋಲಾರ್ ಪಾರ್ಕ್ ಒಮ್ಮೆ ಕಟ್ಟಿ ಮುಗಿದರೆ ಕೆಲವರೇ ಸಾಕು. ಊರಿನ ತಾರಸಿಗಳು ಹಾಗಲ್ಲ, ಒಂದರಂತೆ ಇನ್ನೊಂದಿಲ್ಲ. ನೆರಳು ಅಳೆಯಲು, ಡಿಸಿ ವೈರಿಂಗ್, ಅರ್ಥಿಂಗ್ ಮಾಡಲು ಐಟಿಐ, ಡಿಪ್ಲೊಮಾ ಕಲಿತ ಸ್ಥಳೀಯರೇ ಬೇಕು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದವಾದಾಗ ಟ್ಯಾಂಕಿನ ನೆರಳು ಎಲ್ಲಿಗೆ ಬರುತ್ತದೆಂದು ಮೇಲೆ ಹತ್ತಿದವನಿಗೇ ಗೊತ್ತಾಗುವುದು. ಸದ್ಯ ಕೊಟೇಶನ್ ಕೊಡುವವರಲ್ಲಿ ಎಷ್ಟೋ ಮಂದಿ ಫೋನಿನಲ್ಲೇ ಚದರಡಿ ಕೇಳಿ ಬರೆದುಕೊಡುತ್ತಾರೆ.