ನಾಟಕ ನೋಡದ ನಾಟಕ ವಿಮರ್ಶೆ

ನಮ್ಮ ನಾಡಿನಲ್ಲಿ ನಾಟಕಕ್ಕೆ ಬರಗಾಲ ಬಂದಿದೆಯೆಂದು ಹಲುಬುವವರು ಹಲವರುಂಟು. ಅವರ ಮಾತು ನಮಗೆ ಸಮ್ಮತವಿಲ್ಲ. ಹೆಗ್ಗೋಡಿನ ನೀನಾಸಮ್ ಸಂಸ್ಥೆಯು 1985ರಲ್ಲಿ ಆರಂಭಿಸಿದ ತಿರುಗಾಟವು ಎಷ್ಟೋ ಸಣ್ಣ ಊರುಗಳಿಗೆ ಒಳ್ಳೆಯ ನಾಟಕದ ರುಚಿ ಹತ್ತಿಸಿರುವದು. 1989ರಲ್ಲಿ ಮೈಸೂರಿನಲ್ಲಿ ಹುಟ್ಟಿದ ರಂಗಾಯಣವು ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲಿಯೂ ಬೇರೂರಿರುವದು. ಬರಗಾಲವಿರುವದು ನಾಟಕಕ್ಕಲ್ಲ, ನಾಟಕವನ್ನು ಕಣ್ಣಿಟ್ಟು ನೋಡಿ, ಕಂಡುದನ್ನು ಕಂಡಂತೆ ಬರೆಯುವ ವಿಮರ್ಶೆಗೆ.

ಪತ್ರಿಕೆಗಳಲ್ಲಿ ಬರುವ ನಾಟಕವಿಮರ್ಶೆಯೊಂದನ್ನು ವಾಚಕರು ಎದುರಿಗಿಟ್ಟುಕೊಂಡು ಪರೀಕ್ಷಿಸಲಿ. ಬಹುಪಾಲು ಕಥಾಸಾರಾಂಶ, ಆಮೇಲೆ ನಾಟಕಕಾರನ ಸ್ತುತಿ, ಕಟ್ಟಕಡೆಗೆ ಪಾತ್ರಧಾರಿಗಳೆಲ್ಲರೂ ತಮ್ಮ ಪಾತ್ರಗಳಿಗೆ ನ್ಯಾಯ ಒದಗಿಸಿದರೆಂಬ ಒಂದು ವಾಕ್ಯ. ಪಾತ್ರಕ್ಕೆ ನ್ಯಾಯ ಒದಗಿಸುವದೆಂದರೇನೆಂಬದು ವಕೀಲಿ ವೃತ್ತಿಯವನಾದ ನನಗೆ ಇನ್ನೂ ತಿಳಿದಿಲ್ಲ. ನ್ಯಾಯಾಲಯದಲ್ಲಿಯೇ ಅದು ಇಷ್ಟು ಸುಲಭವಾಗಿ ದೊರೆಯದು! ಇಂಥ ಬರಹವನ್ನು ನಾಟಕದ ಪುಸ್ತಕ ಓದಿದವನು ಮನೆಯಲ್ಲಿ ಕುಳಿತೇ ಬರೆಯಬಲ್ಲನು. ಬರೆದವರೂ ಇದ್ದಾರೆಂದು ನನಗೆ ಅನುಮಾನ.

1872ರ ಸಾಕ್ಷ್ಯ ಕಾಯಿದೆಯ 60ನೆಯ ಕಲಮು ಒಂದು ಸರಳವಾದ ಕಟ್ಟಳೆಯನ್ನು ವಿಧಿಸಿತ್ತು: ಕಣ್ಣಿಗೆ ಕಾಣುವ ಸಂಗತಿಯಾದರೆ, ಕಂಡವನೇ ಬಂದು ಹೇಳಬೇಕು. ಆ ಕಾಯಿದೆ ಹೋಗಿ 2024ರ ಜುಲೈಯಿಂದ ಹೊಸ ಕಾಯಿದೆ ಜಾರಿಗೆ ಬಂದರೂ ಈ ತತ್ವ ಮಾತ್ರ ಕದಲಿಲ್ಲ. ವಿಮರ್ಶಕನು ಮೊದಲು ಸಾಕ್ಷಿ, ಆಮೇಲೆ ನ್ಯಾಯಾಧೀಶ. ನಮ್ಮವರಾದರೋ ಸಾಕ್ಷಿಯ ಕಟಕಟೆಯನ್ನು ಹತ್ತದೆಯೇ ತೀರ್ಪಿನ ಪೀಠವನ್ನೇರಿ ಕುಳಿತಿರುವರು.

ಇದರಿಂದಾಗುವ ನಷ್ಟವು ಸಣ್ಣದಲ್ಲ. ಗಿರೀಶ ಕಾರ್ನಾಡರ 'ತುಘಲಕ್' ನಾಟಕವು ಪುಸ್ತಕರೂಪದಲ್ಲಿ ನಮ್ಮ ಕೈಯಲ್ಲಿದೆ. ನೂರು ವರ್ಷಗಳ ತರುವಾಯವೂ ಅದನ್ನು ಓದಬಹುದು. ಆದರೆ ಆ ಪಾತ್ರದಿಂದ ಹೆಸರಾದ ಸಿ. ಆರ್. ಸಿಂಹ ಅವರು 2014ರಲ್ಲಿ ತೀರಿಕೊಂಡರು. ಸುಲ್ತಾನನ ಕನಸು ಮುರಿದು ಕ್ರೌರ್ಯಕ್ಕೆ ತಿರುಗುವ ಗಳಿಗೆಯಲ್ಲಿ ಅವರ ದನಿ ಏರಿತೋ ಇಳಿಯಿತೋ, ಅವರು ಪ್ರೇಕ್ಷಕರತ್ತ ನೋಡಿದರೋ ಮುಖ ತಿರುಗಿಸಿದರೋ? 'ಅಮೋಘ ಅಭಿನಯ' ಎಂಬ ಎರಡು ಶಬ್ದಗಳಿಂದ ಇದು ತಿಳಿಯುವದೆಂತು? ಗದಗಿನಲ್ಲಿ ಶಾಂತಕವಿಗಳು 1870ರ ದಶಕದಲ್ಲಿ, ಮರಾಠಿ ನಾಟಕಗಳ ಅಬ್ಬರದ ನಡುವೆ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅವರು ಬರೆದ ನಾಟಕಗಳು ಉಳಿದಿವೆ. ಆಡಿದವರ ಕಲೆ ಅವರೊಡನೆಯೇ ಮಣ್ಣುಗೂಡಿತು. ಇಂದಿನ ನಟನಿಗೂ ಅದೇ ಗತಿಯಾಗಬೇಕೆ? ಈಗ ಚಿತ್ರೀಕರಣವುಂಟಲ್ಲವೆಂದು ಕೆಲವರು ಹೇಳಬಹುದು. ಯಂತ್ರದ ಕಣ್ಣು ರಂಗದತ್ತ ನೆಟ್ಟಿರುವದು. ಮುನ್ನೂರು ಜನ ಒಮ್ಮೆಲೇ ಉಸಿರು ಬಿಗಿಹಿಡಿದುದು ಅದಕ್ಕೆ ತಿಳಿಯದು.

ರಂಗಾಯಣವು 2010ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ರಂಗಕ್ಕೆ ತಂದಿತು. ರಾತ್ರಿಯಿಡೀ ನಡೆಯುವ ಆಟ. ಬಯಲಿನಲ್ಲಿ ನಾಲ್ಕು ರಂಗಸ್ಥಳಗಳು. ಪ್ರೇಕ್ಷಕರು ಒಂದೆಡೆಯಿಂದ ಇನ್ನೊಂದೆಡೆಗೆ ಎದ್ದು ನಡೆಯಬೇಕು. ಇದನ್ನು ನೋಡದ ಊರಿನ ಶಿಕ್ಷಕನಿಗೆ ಕಾದಂಬರಿಯ ಹಿರಿಮೆಯನ್ನು ಯಾರೂ ಹೇಳಬೇಕಾಗಿಲ್ಲ. ಅವನು ಅದನ್ನು ಓದಿಯೇ ಇರುವನು. ಆ ನಡಿಗೆಯಿಂದ ಕಥೆಯ ಓಟ ಕಡಿದುಹೋಯಿತೆ, ಇಲ್ಲವೆ ಮಲೆನಾಡಿನ ದಾರಿಯನ್ನೇ ತುಳಿದಂತಾಯಿತೆ? ಬೆಳಗಿನ ಜಾವದ ನಿದ್ದೆಯನ್ನು ನಟರು ಹೇಗೆ ಗೆದ್ದರು? ಅವನಿಗೆ ಬೇಕಾದುದು ಇದು.

ಇನ್ನು ಕಂಪನಿ ನಾಟಕಗಳ ವಿಷಯ. ಬಾದಾಮಿಯ ಬನಶಂಕರಿ ಜಾತ್ರೆಗೆ ಹಲವು ಕಂಪನಿಗಳು ಬಂದು ಬೀಡುಬಿಡುವವು. ಆ ನಾಟಕಗಳೆಲ್ಲ ದ್ವಂದ್ವಾರ್ಥದ ಮಾತುಗಳ ಕೊಂಪೆಯೆಂದು ನಗರದ ವಿಮರ್ಶಕರು ಒಂದೇ ಸಾಲಿನಲ್ಲಿ ತಳ್ಳಿಹಾಕುವರು. ಆ ಆರೋಪದಲ್ಲಿ ಸತ್ಯವಿಲ್ಲವೆಂದು ನಾನು ವಾದಿಸಲಾರೆ. ಕೆಲವು ಮಾತುಗಳನ್ನು ಕೇಳಿ ನಾನೇ ತಲೆ ತಗ್ಗಿಸಿದ್ದೇನೆ. ಆದರೆ ಆರೋಪಿಯ ಹೇಳಿಕೆಯನ್ನು ಕೇಳದೆ ಶಿಕ್ಷೆ ವಿಧಿಸುವ ಪದ್ಧತಿ ಯಾವ ನಾಡಿನದು? ಹಾಸ್ಯನಟನೊಬ್ಬನು ಮುಂದಿನ ಸಾಲಿನ ನಗೆಯನ್ನು ಅಳೆದು, ಮಾತನ್ನು ಹಿಗ್ಗಿಸಿ, ಮರುಗಳಿಗೆಗೆ ಅದೇ ಜನರ ಕಣ್ಣಲ್ಲಿ ನೀರು ತರಿಸುವ ಚಮತ್ಕಾರವನ್ನು ಹವ್ಯಾಸಿ ನಟರು ಅಲ್ಲಿ ಹೋಗಿ ಕಲಿಯಬೇಕು. 1956ರಲ್ಲಿ ನಾಡು ಒಂದಾಯಿತು. ನಾಟಕವಿಮರ್ಶೆಯ ಭೂಪಟದಲ್ಲಿ ಮಾತ್ರ ಬೆಂಗಳೂರೊಂದೇ ದೊಡ್ಡ ಅಕ್ಷರದಲ್ಲಿ ಕಾಣುವದು.

ತಪ್ಪೆಲ್ಲ ಬರೆಯುವವರದೇ ಅಲ್ಲ. ನಾಟಕದವರಿಗೆ ಬೇಕಾದುದು ಬಹುಮಟ್ಟಿಗೆ ಅಭಿನಂದನಪತ್ರ. ಉಚಿತ ಪ್ರವೇಶಪತ್ರ ಕೊಟ್ಟು ಮುಂದಿನ ಸಾಲಿನಲ್ಲಿ ಕೂಡ್ರಿಸಿದ ಮಿತ್ರನು ಎರಡು ಕಟುಮಾತು ಬರೆದರೆ ಮರುದಿನದಿಂದ ಮಾತುಕತೆ ಬಂದು. ನಮ್ಮ ಹವ್ಯಾಸಿ ಬಳಗವೂ ಚಿಕ್ಕದು. ಇಂದಿನ ವಿಮರ್ಶಕನೇ ನಾಳಿನ ನಾಟಕಕಾರನು, ನಾಡದಿನ ಪಾರಿತೋಷಕ ಸಮಿತಿಯ ಸದಸ್ಯನು. ಇಂಥಲ್ಲಿ ನಿರ್ದಾಕ್ಷಿಣ್ಯವಾದ ಮಾತು ಹೊರಡುವದೆಲ್ಲಿಂದ?

ಸಂಪಾದಕರು ಮನಸ್ಸು ಮಾಡಿದರೆ ದುಬಾರಿಯಲ್ಲದ ಒಂದು ಉಪಾಯವುಂಟು. ವಿಮರ್ಶಕನ ಪ್ರವೇಶಪತ್ರದ ಹಣವನ್ನೂ ಬಸ್ಸಿನ ಖರ್ಚನ್ನೂ ಪತ್ರಿಕೆಯೇ ಕೊಡಲಿ. ಅವನು ಮೊದಲ ಪ್ರದರ್ಶನವನ್ನು ಬಿಟ್ಟು, ಸನ್ಮಾನ ಭಾಷಣಗಳ ಗದ್ದಲವಿಲ್ಲದ ಎರಡನೆಯದಕ್ಕೋ ಮೂರನೆಯದಕ್ಕೋ ಹೋಗಲಿ. ಕಥೆಯನ್ನು ನಾಲ್ಕು ಸಾಲಿನಲ್ಲಿ ಮುಗಿಸಿ, ಒಬ್ಬ ನಟನ ಒಂದು ದೃಶ್ಯವನ್ನಾದರೂ ಕಣ್ಣಿಗೆ ಕಟ್ಟುವಂತೆ ಬರೆಯಲಿ. ಊರಿಗೆ ತಂಡ ಬಂದಾಗ ಶಾಲೆಯ ಮಾಸ್ತರರೂ ಹಾಗೆಯೇ ಒಂದು ಪುಟ ಬರೆದು ಕಳುಹಬಹುದು. ಅದು ಅಚ್ಚಾಗದಿದ್ದರೆ ಶಾಲೆಯ ಗ್ರಂಥಭಂಡಾರದಲ್ಲಿ, ಆ ನಾಟಕದ ಪುಸ್ತಕದೊಳಗೇ ಮಡಿಸಿ ಇಡಬಹುದು.