ಮೊದಲು ಜೀವ, ಆಮೇಲೆ ಹಣ



ವರದಕ್ಷಿಣೆಗಾಗಿ ಗಂಡನ ಮನೆಯವರು ಬೆಂಕಿ ಹಚ್ಚಿದ್ದ ಹುಡುಗಿಯನ್ನು ಆಸ್ಪತ್ರೆಗೆ ಒಯ್ದಾಗ ನಾನೂ ಜೊತೆಗಿದ್ದೆ. ‘ಮೊದಲು ಹಣ ಕಟ್ಟಿ’ ಎಂದರು. ಅವಳ ತಾಯಿ ಕಿವಿಯ ಓಲೆ ಬಿಚ್ಚಿದ್ದನ್ನು ನಾನಿನ್ನೂ ಮರೆತಿಲ್ಲ.

ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ರಾಜಸ್ಥಾನದಲ್ಲಿ ಜನಸ್ವಾಸ್ಥ್ಯ ಅಭಿಯಾನದಂಥ ಸಂಘಟನೆಗಳು ಆರೋಗ್ಯ ಜನರ ಹಕ್ಕಾಗಬೇಕೆಂದು ವರ್ಷಗಟ್ಟಲೆ ಒತ್ತಾಯಿಸಿದವು. ಖಾಸಗಿ ವೈದ್ಯರು ಬೀದಿಗಿಳಿದು ವಿರೋಧಿಸಿದರೂ 2023ರ ಮಾರ್ಚ್‌ನಲ್ಲಿ ಅಲ್ಲಿನ ವಿಧಾನಸಭೆ ಆರೋಗ್ಯ ಹಕ್ಕಿನ ಮಸೂದೆಯನ್ನು ಅಂಗೀಕರಿಸಿತು. ತುರ್ತು ಸಂದರ್ಭದಲ್ಲಿ ಮುಂಗಡ ಕೇಳದೆ ಚಿಕಿತ್ಸೆ ಕೊಡಬೇಕೆಂಬುದು ಅದರ ತಿರುಳು.

ಪೆಟ್ಟು ತಿಂದ ಹೆಣ್ಣಿನ ಕೈಯಲ್ಲಿ ಹಣವಿರುವುದಿಲ್ಲ. ಅದಿರುವುದು ಹೊಡೆದವನ ಜೇಬಿನಲ್ಲಿ. ಆದ್ದರಿಂದ ಎಲ್ಲರಿಗೂ ಆರೋಗ್ಯವೆಂಬುದು ನಮ್ಮ ಹೋರಾಟವೂ ಹೌದು. ಕರ್ನಾಟಕದಲ್ಲೂ ಆರೋಗ್ಯ ನಮ್ಮ ಹಕ್ಕಾಗಲಿ ಎಂದು ಮುಂದಿನ ಗ್ರಾಮಸಭೆಯಲ್ಲಿ ಠರಾವು ಬರೆಸಿ, ಶಾಸಕರಿಗೆ ಕಳಿಸಿ.