ಸಲೀಂ ಮಿರ್ಜಾ ಅವರಿಗೊಂದು ಕಾಯಕವಿತ್ತು

ಗಡ್ಡ ಬಿಟ್ಟ, ಟೋಪಿ ಇಟ್ಟ ಒಬ್ಬ ವ್ಯಕ್ತಿ ಸಿನಿಮಾ ಪರದೆಯ ಮೇಲೆ ಬಂದೊಡನೆ ನಮ್ಮ ಮಕ್ಕಳು “ಇವನೇ ಕೇಡಿಗ” ಎಂದುಬಿಡುತ್ತಾರೆ. ಆತ ಇನ್ನೂ ಒಂದು ಮಾತನ್ನೂ ಆಡಿರುವುದಿಲ್ಲ. ಇದನ್ನು ಮನೆಯಲ್ಲಿ ಯಾರೂ ಹೇಳಿಕೊಡದಿದ್ದರೂ ಸಿನಿಮಾವೇ ಕಲಿಸಿದೆ.

ಈ ಪಾಠ ಹಳೆಯದು. ಅಮೆರಿಕದ ವಿದ್ವಾಂಸ ಜ್ಯಾಕ್ ಶಾಹೀನ್ ಅವರು ಹಾಲಿವುಡ್ಡಿನ 900ಕ್ಕೂ ಹೆಚ್ಚು ಚಿತ್ರಗಳನ್ನು ಪರಿಶೀಲಿಸಿ 2001ರಲ್ಲಿ ‘ರೀಲ್ ಬ್ಯಾಡ್ ಅರಬ್ಸ್’ ಎಂಬ ಪುಸ್ತಕ ಪ್ರಕಟಿಸಿದರು. ಅವರು ಲೆಬನಾನ್ ಮೂಲದ ಕ್ರೈಸ್ತ ಮನೆತನದವರು. ಅವರು ಕಂಡಂತೆ ಪರದೆಯ ಅರಬ ಬಹುಪಾಲು ಭೋಗಲಾಲಸೆಯ ಶೇಖ್, ಇಲ್ಲವೇ ಬಾಂಬು ಹಿಡಿದವನು. ಮಕ್ಕಳಿಗಾಗಿ ತೆಗೆದ 1992ರ ‘ಅಲ್ಲಾದೀನ್’ ಕೂಡ ಇದಕ್ಕೆ ಹೊರತಲ್ಲ. ಮುಖ ಹಿಡಿಸದಿದ್ದರೆ ಕಿವಿ ಕತ್ತರಿಸುವ ನಾಡು ಎಂಬರ್ಥದ ಸಾಲು ಅದರ ಮೊದಲ ಹಾಡಿನಲ್ಲಿತ್ತು. ಅರಬ್ ಮೂಲದ ಅಮೆರಿಕನ್ನರು ಪ್ರತಿಭಟಿಸಿದ ಮೇಲೆ 1993ರ ವಿಡಿಯೋ ಪ್ರತಿಯಲ್ಲಿ ಅದನ್ನು ಬದಲಿಸಿದರು. ಆ ನಾಡು ಅನಾಗರಿಕ ಎಂಬ ಮಾತು ಮಾತ್ರ ಉಳಿಯಿತು.

“ಹಾಗಾದರೆ ಭಯೋತ್ಪಾದಕರೇ ಇಲ್ಲವೇ? ತೋರಿಸಬಾರದೇ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಇದ್ದಾರೆ, ತೋರಿಸಲಿ. ಅವರಿಗೆ ಬಲಿಯಾದವರನ್ನೂ ತೋರಿಸಲಿ. ಇಸ್ಲಾಮಿನ ಉದಯವನ್ನು ಕುರಿತು 1976ರಲ್ಲಿ ‘ದಿ ಮೆಸೇಜ್’ ಚಿತ್ರ ಮಾಡಿದವರು ಸಿರಿಯಾದಲ್ಲಿ ಹುಟ್ಟಿದ ಮುಸ್ತಫಾ ಅಕ್ಕಾದ್. 2005ರಲ್ಲಿ ಜೋರ್ಡಾನಿನ ಅಮ್ಮಾನ್ ನಗರದ ಹೋಟೆಲುಗಳ ಮೇಲೆ ನಡೆದ ಬಾಂಬ್ ದಾಳಿಗೆ ಅವರೂ ಅವರ ಮಗಳೂ ಬಲಿಯಾದರು. ಕೊಂದವರನ್ನೂ ಸತ್ತವರನ್ನೂ ಒಂದೇ ಹಣೆಪಟ್ಟಿಯಡಿ ನಿಲ್ಲಿಸುವುದು ಯಾವ ನ್ಯಾಯ?

ಪಾತ್ರ ಒಳ್ಳೆಯದೋ ಕೆಟ್ಟದೋ ಎಂದು ಅಳೆದರೆ ಸಾಲದು. ಆ ಮನುಷ್ಯನಿಗೊಂದು ಕಾಯಕವಿದೆಯೇ, ಮನೆಯಿದೆಯೇ, ನಾಳೆಯ ಚಿಂತೆಯಿದೆಯೇ ಎಂದು ನೋಡಬೇಕು. ಮೈಸೂರಿನಲ್ಲಿ ಹುಟ್ಟಿದ ಎಂ.ಎಸ್. ಸತ್ಯು ಅವರು 1973ರಲ್ಲಿ ಮಾಡಿದ ಹಿಂದೂಸ್ತಾನಿ ಚಿತ್ರ ‘ಗರಂ ಹವಾ’ದಲ್ಲಿ ಇವೆಲ್ಲ ಇವೆ. ಬಲರಾಜ್ ಸಾಹನಿ ಅಭಿನಯಿಸಿದ ಸಲೀಂ ಮಿರ್ಜಾ ಆಗ್ರಾದಲ್ಲಿ ಪಾದರಕ್ಷೆ ತಯಾರಿಸಿ ಬದುಕುವವರು. ದೇಶ ವಿಭಜನೆಯಾಗಿ ಅಣ್ಣ ಪಾಕಿಸ್ತಾನಕ್ಕೆ ಹೋದದ್ದರಿಂದ ಅವರ ಹೆಸರಿನಲ್ಲಿದ್ದ ಮನೆ ಕೈತಪ್ಪುತ್ತದೆ. ಸಾಲ ಹುಟ್ಟುವುದಿಲ್ಲ. ಮಗಳು ತೀರಿಹೋಗುತ್ತಾಳೆ. ಕೊನೆಗೆ ತಾವೂ ದೇಶ ಬಿಡಲು ಹೊರಟವರು ದಾರಿಯಲ್ಲಿ ಟಾಂಗಾ ಇಳಿದು, ಕೆಲಸ ಕೊಡಿ ಎಂದು ಕೇಳುವ ಜನರ ಮೆರವಣಿಗೆ ಸೇರುತ್ತಾರೆ. ಗಲಭೆಯಾದೀತೆಂಬ ಭಯದಿಂದ ಸೆನ್ಸಾರಿನಲ್ಲಿ ತಿಂಗಳುಗಟ್ಟಲೆ ತಡೆಹಿಡಿದಿದ್ದ ಈ ಚಿತ್ರಕ್ಕೇ ಮುಂದೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ನೀಡುವ ರಾಷ್ಟ್ರಪ್ರಶಸ್ತಿ ಬಂತು.

ನಮ್ಮ ಪ್ರಸಾದ ನಿಲಯಗಳಲ್ಲಿ ಓದುತ್ತಿರುವ ಕಾಲೇಜು ಮಕ್ಕಳಿಗೆ ಒಂದು ರಜೆಯ ದಿನ ಇದನ್ನು ತೋರಿಸಿ. ಮುಗಿದ ಮೇಲೆ ಉಪನ್ಯಾಸ ಬೇಡ. “ಮಿರ್ಜಾ ಅವರ ಜಾಗದಲ್ಲಿ ನಿಮ್ಮ ತಂದೆ ಇದ್ದಿದ್ದರೆ?” ಎಂದು ಒಂದೇ ಪ್ರಶ್ನೆ ಕೇಳಿ. ಮಕ್ಕಳು ಕೊಡುವ ಉತ್ತರ ಹಿರಿಯರಾದ ನಮಗೂ ಪಾಠವಾದೀತು.